ಆಷಾಢದ ಲೆಕ್ಕ ಮೊದಲು ಬರೆಯಿರಿ



ತುಳಸಿ ಪೂಜೆ ಮುಗಿದು ಮದುವೆಯ ಮುಹೂರ್ತಗಳು ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಒಂದು ಬಗೆಯ ವಿಚಾರಣೆ ಹೆಚ್ಚಾಗುತ್ತದೆ. ಹತ್ತು ಹನ್ನೆರಡು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಸಾವಿರ ಎಲೆಯ ಊಟವನ್ನೂ ನಿಭಾಯಿಸಬಲ್ಲ ಅಡಿಗೆಯವರು, ಮೇಲ್ವಿಚಾರಕರು ಬಂದು, ಸ್ವಂತ ಕೇಟರಿಂಗ್ ಆರಂಭಿಸಲಿದ್ದೇವೆ, ಬ್ಯಾಂಕಿಗೆ ಕೊಡಲು ಪ್ರಾಜೆಕ್ಟ್ ರಿಪೋರ್ಟ್ ಬೇಕು, ಮಾದರಿ ಇದ್ದರೆ ಕೊಡಿ ಎಂದು ಕೇಳುತ್ತಾರೆ. ಮಾದರಿ ಕೊಡುವುದು ಕಷ್ಟವಲ್ಲ. ಆದರೆ ಆ ಮಾದರಿಯೇ ಮುಂದಿನ ತೊಂದರೆಗೆ ಮೂಲವೆಂದು ನಮಗೆ ಅನ್ನಿಸುವುದರಿಂದ ಈ ಸಂಚಿಕೆಯಲ್ಲಿ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಕೈಯಿಂದ ಕೈಗೆ ಜೆರಾಕ್ಸ್ ಆಗಿ ಬರುವ ಈ ಮಾದರಿ ರಿಪೋರ್ಟುಗಳನ್ನು ನೀವೂ ನೋಡಿರುತ್ತೀರಿ. ಮೊದಲ ಪುಟದಲ್ಲಿ ಭಾರತದ ಆಹಾರೋದ್ಯಮ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬ ಪ್ರಸ್ತಾವನೆ. ಎರಡನೆಯದರಲ್ಲಿ ಪಾತ್ರೆ, ಬರ್ನರು, ಗ್ರೈಂಡರುಗಳ ಕೊಟೇಶನ್. ಮೂರನೆಯದರಲ್ಲಿ ತಿಂಗಳಿಗೆ ಇಷ್ಟು ವ್ಯಾಪಾರ, ಇಷ್ಟು ಲಾಭ. ಅದನ್ನು ಹನ್ನೆರಡರಿಂದ ಗುಣಿಸಿ ವರ್ಷದ ಲಾಭ. ಎರಡನೆಯ ವರ್ಷಕ್ಕೆ ಶೇಕಡಾ ಹತ್ತು ಹೆಚ್ಚು, ಮೂರನೆಯ ವರ್ಷಕ್ಕೆ ಮತ್ತೆ ಹತ್ತು. ನೋಡಲು ಚೆಂದ. ಸಾಲ ಸಿಗಲೂಬಹುದು. ಆದರೆ ಕೇಟರಿಂಗ್ ಎಂಬುದು ಹನ್ನೆರಡು ತಿಂಗಳ ಉದ್ಯೋಗವಲ್ಲ. ಅದು ಎಂಟು ತಿಂಗಳ ಉದ್ಯೋಗ, ಮತ್ತು ಹನ್ನೆರಡು ತಿಂಗಳ ಖರ್ಚು. ಈ ಒಂದು ಮಾತನ್ನು ಕಾಗದದ ಮೇಲೆ ಅಂಕಿಯಾಗಿ ಇಳಿಸುವುದಕ್ಕೇ ಯೋಜನಾ ಪತ್ರ ಬೇಕು. ಬ್ಯಾಂಕಿನವರ ಅವಶ್ಯಕತೆ ಆಮೇಲಿನದು.

ಇದಕ್ಕೆ ತೊಡಗಿಸುವ ಹಣ ಎಂಥದೆಂದು ನಮಗೆಲ್ಲ ಗೊತ್ತು. ಹೆಂಡತಿಯ ಬಂಗಾರ, ಕೆಲಸ ಬಿಟ್ಟಾಗ ಬಂದ ಪ್ರಾವಿಡೆಂಟ್ ಫಂಡು, ಊರಿನಲ್ಲಿ ಅಣ್ಣ ತೋಟದ ಮೇಲೆ ತೆಗೆದುಕೊಟ್ಟ ಸಾಲ. ಎರಡನೆಯ ಸಲ ಹೊಂದಿಸಲಾಗದ ಹಣ ಅದು.

ಬ್ಯಾಂಕಿಗೆ ಮೊದಲು ಪಂಚಾಂಗ

ಆದ್ದರಿಂದ ಯೋಜನೆ ಬರೆಯಲು ಕೂರುವವರು ಕ್ಯಾಲ್ಕುಲೇಟರಿನ ಜೊತೆಗೆ ಒಂದು ಪಂಚಾಂಗ ಇಟ್ಟುಕೊಳ್ಳಲಿ. ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ ಎಳೆದು, ಯಾವ ತಿಂಗಳಲ್ಲಿ ಕಾರ್ಯ ಇಲ್ಲವೋ ಅದನ್ನು ಮೊದಲು ಗುರುತಿಸಲಿ. ಆಷಾಢ, ನಮ್ಮ ತುಳುವರ ಆಟಿ, ಪಿತೃಪಕ್ಷದ ಹದಿನೈದು ದಿನ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ. ಶ್ರಾವಣದಲ್ಲಿ ನಮ್ಮಲ್ಲಿ ಮದುವೆ ಉಂಟು. ಆದರೆ ಮುಂಬಯಿಯ ಗಿರಾಕಿ ಬರೀ ನಮ್ಮವರಲ್ಲ, ಮರಾಠಿ ಮತ್ತು ಗುಜರಾತಿ ಮನೆಗಳಲ್ಲಿ ಚಾತುರ್ಮಾಸ ಪೂರ್ತಿ ಮದುವೆಗೆ ರಜೆ. ಆ ದಿನಗಳಲ್ಲಿ ಸತ್ಯನಾರಾಯಣ ಪೂಜೆ, ವರಮಹಾಲಕ್ಷ್ಮಿ, ಅಷ್ಟಮಿ, ಚೌತಿಯ ಪ್ರಸಾದದ ಊಟ ಇವೇ ಆಧಾರ. ಎಲೆಗಳ ಸಂಖ್ಯೆ ಕಡಿಮೆ, ದರವೂ ಕಡಿಮೆ.

ಇನ್ನು ಕೆಲವು ಹೊಡೆತ ಪ್ರತಿ ವರ್ಷ ಬರುವುದಿಲ್ಲ, ಆದರೆ ಬಂದೇ ಬರುತ್ತವೆ. ಅಧಿಕ ಮಾಸ ಸುಮಾರು ಮೂವತ್ತಮೂರು ತಿಂಗಳಿಗೊಮ್ಮೆ. 2023ರಲ್ಲಿ ಅದು ಶ್ರಾವಣಕ್ಕೆ ಬಿತ್ತು, ಹೇಗೂ ಸೊರಗಿದ ಕಾಲ, ಅಷ್ಟಾಗಿ ತಟ್ಟಲಿಲ್ಲ. 2026ರದ್ದು ಜ್ಯೇಷ್ಠಕ್ಕೆ, ಅಂದರೆ ಮೇ 17ರಿಂದ ಜೂನ್ 15ರವರೆಗೆ. ನಮ್ಮ ಧಂದೆಯ ಎದೆಗೇ ಬಿದ್ದಂತೆ. 2024ರ ಮೇ ತಿಂಗಳು ಮತ್ತು ಜೂನಿನ ಬಹುಭಾಗ ಗುರು-ಶುಕ್ರಾಸ್ತವೆಂದು ಮುಹೂರ್ತವೇ ಇಲ್ಲದೆ ಹೋಯಿತು. ಐದು ವರ್ಷದ ಸಾಲ ತೆಗೆಯುವವರು ತಮ್ಮ ಕಂತಿನ ಅವಧಿಯಲ್ಲಿ ಒಂದು ಅಧಿಕ ಮಾಸವನ್ನಾದರೂ ದಾಟಲೇಬೇಕು. ಮುಂದೆ ಬರುವುದನ್ನು ಪಂಚಾಂಗದವರು ವರ್ಷಗಳ ಮೊದಲೇ ಹೇಳಬಲ್ಲರು. ಬೇರೆ ಯಾವ ಉದ್ಯಮಕ್ಕೂ ಇಂಥ ಮುನ್ಸೂಚನೆ ಸಿಗುವುದಿಲ್ಲ, ಆದರೂ ನಮ್ಮವರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅದಕ್ಕೆ ಒಂದು ಸಾಲೂ ಇರುವುದಿಲ್ಲ.

ಹಾಗೆಯೇ ಕೆಲಸದವರ ಊರಿನ ಪಂಚಾಂಗ. ಕೋಲ, ನಾಗಾರಾಧನೆ, ತಂಗಿಯ ಮದುವೆ ಎಂದು ಹುಡುಗರು ಊರಿಗೆ ಹೊರಡುವುದು ಎಪ್ರಿಲ್-ಮೇಯಲ್ಲಿ. ಇಲ್ಲಿ ಆರ್ಡರುಗಳು ಕೂಡಿಬರುವುದೂ ಆಗಲೇ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಊರು ಹತ್ತಿರವಾಯಿತು, ಅದು ಸಂತೋಷವೇ. ಆದರೆ ಆ ಎರಡು ತಿಂಗಳು ದಿನಗೂಲಿಯ ಬಡಿಸುವವರ ದರ ಏರುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಆಂಟಾಪ್ ಹಿಲ್‌ನ ಗಿರಾಕಿ ಯಾರು?

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ನಾವು ಆಂಟಾಪ್ ಹಿಲ್ ಅನ್ನು ಆರಿಸಿಕೊಂಡಿದ್ದೇವೆ. ಮಾಟುಂಗಾದಲ್ಲಿ ಜಾಗ ಕೇಳುವ ಧೈರ್ಯ ಈಗ ಹೊಸಬರಿಗೆ ಇಲ್ಲ. ಹಾರ್ಬರ್ ಮಾರ್ಗದ ಹಳಿ ದಾಟಿ ಈಚೆ ಬಂದರೆ ಬಾಡಿಗೆ ಸ್ವಲ್ಪ ಇಳಿಯುತ್ತದೆ, ಸಯನ್, ವಡಾಲಾ, ಕಿಂಗ್ಸ್ ಸರ್ಕಲ್ ಎಲ್ಲವೂ ಟೆಂಪೊಗೆ ಹತ್ತಿರವೇ.

ಇಲ್ಲಿನ ದೊಡ್ಡ ವಸತಿ ಕೇಂದ್ರ ಸರಕಾರಿ ನೌಕರರದ್ದು, ಸೆಕ್ಟರ್ 1ರಿಂದ 7ರವರೆಗೆ ಹಬ್ಬಿದೆ. ತಿಂಗಳ ಸಂಬಳದವರು, ಹಲವು ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವವರು. ವರ್ಗಾವಣೆಯಾಗಿ ಒಬ್ಬರೇ ಬಂದಿರುವವರೂ ಇದ್ದಾರೆ. ಅವರಿಗೆ ದೊಡ್ಡ ಪಾರ್ಟಿ ಬೇಡ, ದಿನಕ್ಕೆ ಎರಡು ಹೊತ್ತಿನ ಊಟ ಬೇಕು. ಪೂರ್ವಕ್ಕೆ ವಡಾಲಾ ಟ್ರಕ್ ಟರ್ಮಿನಲ್, ಗೋದಾಮುಗಳು, ಮುಂಬಯಿ ಪೂರ್ವ ಆರ್‌ಟಿಒ ಕಚೇರಿ: ಮಧ್ಯಾಹ್ನದ ಊಟಕ್ಕೆ ಪರದಾಡುವ ಜನ. ವಿದ್ಯಾಲಂಕಾರ್ ಕಾಲೇಜಿನ ಹುಡುಗರು ಒಂದು ಕಡೆ, ಭಕ್ತಿ ಪಾರ್ಕ್ ಮತ್ತು ವಡಾಲಾದ ಹೊಸ ಗೋಪುರಗಳ ಶ್ರೀಮಂತರು ಇನ್ನೊಂದು ಕಡೆ. ಸಂಗಮ್ ನಗರ, ಕೋಕ್ರಿ ಆಗರದ ಮನೆಗಳಲ್ಲಿ ನಾಮಕರಣ, ಸೀಮಂತಕ್ಕೆ ಐವತ್ತು ಅರವತ್ತು ಜನರ ಊಟ ಕೇಳುವವರಿದ್ದಾರೆ. ದರದ ಚೌಕಾಸಿ ಜೋರು, ಆದರೆ ಹಣ ಅಂದೇ ಕೈಗೆ.

ಇಷ್ಟೂ ಜನರಿಗೆ ಒಂದೇ ಅಡಿಗೆಮನೆಯಿಂದ ಒಂದೇ ದರದಲ್ಲಿ ಬಡಿಸಲಾಗದು. ಯಾರಿಗೆ ಬಡಿಸುವುದಿಲ್ಲ ಎಂದು ಬರೆಯುವುದು ಯೋಜನೆಯ ಕಷ್ಟದ ಭಾಗ. ಇಡ್ಲಿ, ದೋಸೆ, ಕಾಫಿ ಎಂದು ಯಾರಾದರೂ ಬರೆದು ತಂದರೆ ನಾವು ಮೆಲ್ಲನೆ ಹೊಡೆದುಹಾಕುತ್ತೇವೆ. ಹತ್ತು ನಿಮಿಷದ ದಾರಿಯಲ್ಲಿ 1940ರ ಸುಮಾರಿನಿಂದ ಕಾಫಿ ಕಾಯಿಸುತ್ತಿರುವ ಮಾಟುಂಗಾದ ಹೋಟೇಲುಗಳಿವೆ. ಅವರೊಡನೆ ಹೊಸಬರು ಯಾಕೆ ಜಗಳಕ್ಕೆ ನಿಲ್ಲಬೇಕು?

ಮುಂದೆ ಬರಲಿರುವ ಸೌಕರ್ಯವನ್ನು ನಂಬಿ ಯೋಜನೆ ಕಟ್ಟುವುದೂ ಬೇಡ. 2019ರ ಮಾರ್ಚಿನಲ್ಲಿ ಮಾನೋರೈಲಿನ ಎರಡನೆಯ ಹಂತ ತೆರೆದಾಗ ಆಂಟಾಪ್ ಹಿಲ್‌ಗೂ ಒಂದು ನಿಲ್ದಾಣ ಬಂತು. ನಿಲ್ದಾಣದ ಬಳಿ ಅಂಗಡಿ ಎಂದರೆ ಜನವೋ ಜನ ಎಂದು ಆಗ ಲೆಕ್ಕ ಹಾಕಿದವರ ಪಾಡು ಊಹಿಸಬಹುದು: ಜನ ನಿರೀಕ್ಷೆಯಷ್ಟು ಹತ್ತಲಿಲ್ಲ, 2025ರ ಸೆಪ್ಟೆಂಬರಿನಲ್ಲಿ ದುರಸ್ತಿ-ಸುಧಾರಣೆಗಾಗಿ ಇಡೀ ಮಾರ್ಗದ ಸಂಚಾರವನ್ನೇ ನಿಲ್ಲಿಸಲಾಯಿತು.

ಈಗ ಅಂಕಿಗಳು

ಕೆಳಗಿನ ಮೊತ್ತಗಳು ಲೆಕ್ಕದ ರೀತಿಯನ್ನು ತೋರಿಸಲು ನಾವು ಹಿಡಿದವು. ನಿಮ್ಮ ಜಾಗದ ಬಾಡಿಗೆ, ನಿಮ್ಮ ದರ ಹಾಕಿ ಇದನ್ನೇ ಮತ್ತೆ ಮಾಡಿ.

ಒಬ್ಬ ಅಡಿಗೆಯವರು ನೆಲಮಟ್ಟದ ಒಂದು ಸಣ್ಣ ಗಾಳಾ ಹಿಡಿದಿದ್ದಾರೆ ಎನ್ನೋಣ. ಬಾಡಿಗೆ ತಿಂಗಳಿಗೆ 35,000 ರೂ. ತನಗೆ ಮನೆಖರ್ಚಿಗೆ 25,000 (ಇದನ್ನು ಬರೆಯದೆ ಬಿಡುವವರೇ ಹೆಚ್ಚು, ಗಲ್ಲಾದಿಂದ ತೆಗೆಯುತ್ತಾ ಹೋಗುತ್ತಾರೆ). ಇಬ್ಬರು ಸಹಾಯಕರಿಗೆ 36,000, ಪಾತ್ರೆ ತೊಳೆಯುವ ಮತ್ತು ಡಬ್ಬ ತಲುಪಿಸುವ ಹುಡುಗನಿಗೆ 14,000. ಕರೆಂಟು, ನೀರು, ಫೋನು 7,000. ಸ್ಕೂಟರು, ಪೆಟ್ರೋಲು 6,000. ಸಾಲದ ಕಂತು 12,000. ರಿಪೇರಿ, ಲೆಕ್ಕಪತ್ರದವರು, ಇತರೆ 5,000. ಒಟ್ಟು 1,40,000 ರೂ. ಒಂದು ಎಲೆಯೂ ಬಡಿಸದಿದ್ದರೂ ಈ ಹಣ ತಿಂಗಳ ಕೊನೆಗೆ ಹೊರಗೆ ಹೋಗುತ್ತದೆ.

ಆದಾಯ ಎರಡು ಬಗೆ. ದಿನಕ್ಕೆ 60 ಡಬ್ಬ, ಒಂದಕ್ಕೆ 100 ರೂ., ತಿಂಗಳಿಗೆ 25 ದಿನ. ದಿನಸಿ, ತರಕಾರಿ, ಗ್ಯಾಸು, ಪ್ಯಾಕಿಂಗಿಗೆ 60 ಹೋದರೆ ಡಬ್ಬಕ್ಕೆ 40 ಉಳಿಯಿತು, ತಿಂಗಳಿಗೆ 60,000. ಇನ್ನು 80,000 ಪಾರ್ಟಿಗಳಿಂದ ಬರಬೇಕು. ಎಲೆಗೆ 250 ರೂ. ದರ. ಅದರಲ್ಲಿ ದಿನಸಿ-ತರಕಾರಿ 85, ಬಡಿಸುವವರ ಕೂಲಿ 30, ಟೆಂಪೊ 15, ಬಾಳೆಲೆ-ನೀರು-ಸಾಬೂನು 12, ಗ್ಯಾಸ್ 8, ಒಟ್ಟು 150. ಉಳಿಯುವುದು 100. ಅಂದರೆ ತಿಂಗಳಿಗೆ 800 ಎಲೆ, ನೂರು ಜನರ ಎಂಟು ಪಾರ್ಟಿ. ಅಷ್ಟಾದರೆ ಲಾಭವೂ ಇಲ್ಲ ನಷ್ಟವೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ. ಟೆಂಪೊ ನೂರು ಜನರಿಗೆ ಹೋದರೂ 1,500, ಐವತ್ತು ಜನರಿಗೆ ಹೋದರೂ 1,500. ಐವತ್ತರ ಪಾರ್ಟಿಯಲ್ಲಿ ಎಲೆಗೆ 15ರ ಬದಲು 30 ಬೀಳುತ್ತದೆ. ಬಡಿಸುವವರ ಸಂಖ್ಯೆಯೂ ಅರ್ಧಕ್ಕೆ ಇಳಿಯುವುದಿಲ್ಲ. ಆದ್ದರಿಂದ ಕನಿಷ್ಠ ಎಷ್ಟು ಎಲೆ, ಅದಕ್ಕಿಂತ ಕಡಿಮೆಯಾದರೆ ದರ ಎಷ್ಟು ಎಂದು ಯೋಜನೆಯಲ್ಲೇ ಬರೆದಿಟ್ಟುಕೊಳ್ಳಬೇಕು. ಗಿರಾಕಿ ಎದುರಿಗೆ ಕುಳಿತಾಗ ದಾಕ್ಷಿಣ್ಯ ಗೆಲ್ಲುತ್ತದೆ.

ಈಗ ಆಷಾಢ. ಎಂಟು ಪಾರ್ಟಿಯ ಜಾಗದಲ್ಲಿ ಎರಡು. ಡಬ್ಬದಿಂದ 60,000, ಪಾರ್ಟಿಯಿಂದ 20,000. ಖರ್ಚು ಅದೇ 1,40,000. ಕೊರತೆ 60,000. ಇಂಥ ತಿಂಗಳು ವರ್ಷಕ್ಕೆ ನಾಲ್ಕು ಎಂದರೆ 2,40,000 ರೂ. ಮಾಘದಲ್ಲೋ ವೈಶಾಖದಲ್ಲೋ ಹದಿನಾಲ್ಕು ಪಾರ್ಟಿ ಹಿಡಿದರೆ ಒಂದು ತಿಂಗಳಲ್ಲಿ 60,000 ಮಿಗುತ್ತದೆ ನಿಜ, ಒಂದು ಕೊಬ್ಬಿದ ತಿಂಗಳು ಒಂದು ಸೊರಗಿದ ತಿಂಗಳನ್ನು ಸಾಕಬಲ್ಲದು. ಆದರೆ ಹೊಸಬರಿಗೆ ಮೊದಲ ವರ್ಷ ಹದಿನಾಲ್ಕು ಪಾರ್ಟಿ ಯಾರು ಕೊಡುತ್ತಾರೆ?

ಆದ್ದರಿಂದ ಬಂಡವಾಳದ ಪಟ್ಟಿ ಹೀಗಾಗಬೇಕು: ಜಾಗದ ಡಿಪಾಸಿಟ್ 2,00,000, ಪಾತ್ರೆ, ಬರ್ನರು, ಗ್ರೈಂಡರು, ಫ್ರಿಜ್ಜು, ಹೊಗೆ ಹೊರಹಾಕುವ ಫ್ಯಾನು ಸೇರಿ 2,50,000, ಪರವಾನಗಿ, ವೈರಿಂಗ್, ಗ್ಯಾಸ್ ಜೋಡಣೆ 50,000, ಮೊದಲ ತಿಂಗಳ ದಿನಸಿ, ಬಾಡಿಗೆ 1,00,000, ಮತ್ತು ಸೊರಗಿದ ತಿಂಗಳ ಕೈಗಾಸು 2,40,000. ಒಟ್ಟು 8,40,000. ಕೊನೆಯ ಸಾಲನ್ನು ತೆಗೆದರೆ ಮೊತ್ತ 6,00,000ಕ್ಕೆ ಇಳಿದು ಕೈಗೆಟುಕುವಂತೆ ಕಾಣುತ್ತದೆ. ಮಾದರಿ ರಿಪೋರ್ಟುಗಳಲ್ಲಿ ಇರುವುದು ಆ ಆರು ಲಕ್ಷವೇ. ಹೊಳೆಯುವ ಪಾತ್ರೆ ಇದೆ, ಆಷಾಢದ ಬಾಡಿಗೆ ಇಲ್ಲ. ಆಗ ಅದೇ ಪಾತ್ರೆ ಅರ್ಧ ಬೆಲೆಗೆ ಹೋಗುತ್ತದೆ.

2020ರ ಮಾರ್ಚ್ 25ರ ನಂತರ ಏನಾಯಿತೆಂದು ಮತ್ತೆ ಹೇಳಬೇಕಾಗಿಲ್ಲ. ಮದುವೆಗೆ ಐವತ್ತೇ ಜನ ಎಂಬ ನಿಯಮದ ಕಾಲದಲ್ಲಿ ಯಾವ ಕೈಗಾಸೂ ಸಾಲುತ್ತಿರಲಿಲ್ಲ. ಅಂಥ ವಿಪತ್ತಿಗೆ ಯೋಜನೆ ಬರೆಯಲು ಬರುವುದಿಲ್ಲ. ಪ್ರತಿ ವರ್ಷ ತಪ್ಪದೆ ಬರುವ ಆಷಾಢಕ್ಕೆ ಬರೆಯಬಹುದಲ್ಲ.

ಡಬ್ಬವೇ ಕಂಬ

ಮೇಲಿನ ಲೆಕ್ಕವನ್ನು ತಿರುಗಿಸಿ ನೋಡಿ. 60 ಡಬ್ಬದ ಬದಲು 100 ಡಬ್ಬ ಹಿಡಿದರೆ ತಿಂಗಳಿಗೆ ಉಳಿಯುವುದು 1,00,000. ಇನ್ನೊಬ್ಬ ಸಹಾಯಕ ಬೇಕಾಗುತ್ತಾನೆ, 16,000. ಖರ್ಚು 1,56,000 ಆಯಿತು. ಆಷಾಢದಲ್ಲಿ ಅದೇ ಎರಡು ಪಾರ್ಟಿಯಿಂದ 20,000 ಬಂದರೆ ಕೊರತೆ 60,000ದ ಬದಲು 36,000. ನಾಲ್ಕು ತಿಂಗಳಿಗೆ 2,40,000 ಅಲ್ಲ, 1,44,000. ಮೇ ರಜೆಯಲ್ಲಿ ಡಬ್ಬದವರೂ ಊರಿಗೆ ಹೋಗುತ್ತಾರೆ, ಒಪ್ಪಿದೆವು. ಆದರೆ ಅದು ಪಾರ್ಟಿಗಳ ಕಾಲ, ಒಂದು ಕಡೆ ತಗ್ಗಿದ್ದು ಇನ್ನೊಂದು ಕಡೆ ತುಂಬುತ್ತದೆ.

ಡಬ್ಬ ಎಂದರೆ ನಮ್ಮ ಅಡಿಗೆಯವರಿಗೆ ಒಂದು ತಾತ್ಸಾರ ಇದೆ. ಸಾವಿರ ಜನರಿಗೆ ಹೋಳಿಗೆ ಬಡಿಸಿದವರು ಅರವತ್ತು ಡಬ್ಬಕ್ಕೆ ಬೆಂಡೆಕಾಯಿ ಪಲ್ಯ ತುಂಬುವುದೇ ಎಂಬ ಭಾವ. ಅವರಿಗೆ ನಾವು ಮಾಟುಂಗಾ ನಿಲ್ದಾಣದ ಬಳಿಯ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರನ್ನೇ ನೆನಪಿಸುತ್ತೇವೆ. ಎ. ರಾಮ ನಾಯಕರು 1942ರಲ್ಲಿ ತೆರೆದ ಆ ಜಾಗಕ್ಕೆ ಹೋಟೇಲು ಎಂಬ ಹೆಸರಿಲ್ಲ, ಬೋರ್ಡಿಂಗ್ ಎಂದಿದೆ. ಆ ಮಾತಿನ ಅರ್ಥವೇ ತಿಂಗಳ ಊಟದವರ ಮನೆ. ಊರು ಬಿಟ್ಟು ಬಂದ ಒಂಟಿ ಗಂಡಸರು, ಹಗಲು ಕಚೇರಿ, ಅಂಗಡಿಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ಹುಡುಗರು ತುಂಬಿದ್ದ ಮುಂಬಯಿಯಲ್ಲಿ ಇಂಥ ಬೋರ್ಡಿಂಗುಗಳ ಯೋಜನೆ ಸರಳವಾಗಿತ್ತು: ಇಂದು ಉಂಡವನು ನಾಳೆಯೂ ಉಣ್ಣುತ್ತಾನೆ, ಎಷ್ಟು ಅಕ್ಕಿ ಹಾಕಬೇಕೆಂದು ಬೆಳಿಗ್ಗೆಯೇ ಗೊತ್ತು. ಮೆನು ಚಿಕ್ಕದು, ಹಾಳಾಗುವುದು ಕಡಿಮೆ. ಬಾಳೆಲೆಯ ಆ ಊಟ ಇಂದಿಗೂ ನಡೆಯುತ್ತಿದೆ. ಅದನ್ನು ಬರೀ ರುಚಿಯ ಮಹಿಮೆ ಎನ್ನುವವರು ಅರ್ಧ ಮಾತ್ರ ಹೇಳುತ್ತಾರೆ.

ದರ ಮತ್ತು ತೆರಿಗೆ

ನಮ್ಮ ಕಸುಬಿನಲ್ಲಿ ದರದ ಮಾತು ಬಂದಾಗಲೆಲ್ಲ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ನೆನಪಾಗುತ್ತದೆ. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಕಟ್ಟಿದ್ದು. ಯುದ್ಧಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆ ಇಡ್ಲಿ ಮಾಡಿ ದಾಟಿದವರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದು, ಹೋಟೇಲಿನ ತಿಂಡಿಗಳಿಗೆ ಸರಕಾರವೇ ತೀರಾ ಕಡಿಮೆ ದರ ನಿಗದಿ ಮಾಡಿದಾಗ ಅವರ ಮುಂದೆ ಎರಡು ದಾರಿಯಿತ್ತು: ತುಪ್ಪ ಕಡಿಮೆ ಮಾಡುವುದು, ಇಲ್ಲವೇ ಬಾಗಿಲು ಹಾಕುವುದು. ಅವರು ಬಾಗಿಲು ಹಾಕಿ, ಪುಡಿ, ಮಿಶ್ರಣಗಳನ್ನು ಪ್ಯಾಕ್ ಮಾಡಿ ಮಾರತೊಡಗಿದರು. ಹೋಟೇಲು ಆಮೇಲೆ ಮತ್ತೆ ತೆರೆಯಿತು, ಆದರೆ ಜಗತ್ತಿನಾದ್ಯಂತ ಹೋದದ್ದು ಆ ಪೊಟ್ಟಣ. ಪ್ರತಿಯೊಂದು ಇಡ್ಲಿಗೆ ತಗಲುವ ಅಸಲು ಪೈಸೆ ಲೆಕ್ಕದಲ್ಲಿ ಗೊತ್ತಿಲ್ಲದವರು ಅಂಥ ನಿರ್ಧಾರ ಮಾಡಲಾರರು. ನಷ್ಟವಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಇಂದಿನ ಹೊಸಬರಿಗೆ ನಷ್ಟ ತರುವುದು ಸರಕಾರದ ದರವಲ್ಲ, ಬಾಯಿಮಾತಿನ ದರ. ಎಲೆಗೆ 250 ಎಂದು ಒಪ್ಪಿಬಿಡುತ್ತಾರೆ. ತೆರಿಗೆ ಸೇರಿಯೋ, ಬೇರೆಯೋ? ನಮ್ಮ ಉದಾಹರಣೆಯ ಅಡಿಗೆಮನೆಯ ವ್ಯಾಪಾರ ತಿಂಗಳಿಗೆ ಮೂರೂವರೆ ಲಕ್ಷ. ಆರೇ ತಿಂಗಳಲ್ಲಿ 20 ಲಕ್ಷ ದಾಟಿ ಜಿಎಸ್‌ಟಿ ನೋಂದಣಿಗೆ ಬರುತ್ತದೆ. ಹೊರಗಿನ ಕೇಟರಿಂಗಿಗೆ 2019ರ ಅಕ್ಟೋಬರ್ 1ರಿಂದ ಶೇ. 5ರ ದರ, ಮೊದಲಿದ್ದ 18ಕ್ಕೆ ಹೋಲಿಸಿದರೆ ಉಪಕಾರವೇ. ಆದರೆ ಆ ಐದರ ಜೊತೆ ಒಂದು ಷರತ್ತಿದೆ. ನೀವು ಕೊಳ್ಳುವ ಸಾಮಾನಿನ ಮೇಲೆ ಕೊಟ್ಟ ತೆರಿಗೆ ನಿಮಗೆ ಹಿಂದೆ ಸಿಗುವುದಿಲ್ಲ. 19 ಕಿಲೋದ ವಾಣಿಜ್ಯ ಗ್ಯಾಸ್ ಸಿಲಿಂಡರಿನ ಮೇಲಿನ ಶೇ. 18, ಡಬ್ಬಿ, ಗ್ರೈಂಡರಿನ ಮೇಲಿನ ತೆರಿಗೆ ಎಲ್ಲ ನಿಮ್ಮ ಅಸಲಿಗೇ ಸೇರುತ್ತದೆ. ಇನ್ನು ಗಿರಾಕಿಗೆ ಹೇಳಿದ ದರದಲ್ಲೇ ತೆರಿಗೆ ಸೇರಿಸಿಬಿಟ್ಟರೆ ಮೂರೂವರೆ ಲಕ್ಷದ ವ್ಯಾಪಾರದಲ್ಲಿ ಸುಮಾರು 16,600 ರೂ. ಕೈಬಿಟ್ಟು ಹೋಯಿತು. ಒಬ್ಬ ಸಹಾಯಕನ ಸಂಬಳ ಅದು. ಕೊಟೇಶನಿನ ಕೆಳಗೆ ತೆರಿಗೆ ಪ್ರತ್ಯೇಕ ಎಂಬ ಎರಡು ಪದ ಬರೆದರೆ ಉಳಿಯುವ ಹಣ.

ದಿನಸಿಯ ಏರಿಳಿತಕ್ಕೂ ಒಂದು ಸಾಲು ಬೇಕು. 2019ರ ಡಿಸೆಂಬರಿನಲ್ಲಿ ಈರುಳ್ಳಿ ಕಿಲೋಗೆ ನೂರು ದಾಟಿದ್ದನ್ನು ಯಾರೂ ಮರೆತಿಲ್ಲ. ವಾಣಿಜ್ಯ ಗ್ಯಾಸಿನ ದರ ಪ್ರತಿ ತಿಂಗಳು ಒಂದನೇ ತಾರೀಖು ಬದಲಾಗುತ್ತದೆ. ಆರು ತಿಂಗಳ ಮುಂದಿನ ಮದುವೆಗೆ ಇಂದಿನ ದರ ಒಪ್ಪುವುದಾದರೆ ಮುಂಗಡ ಹಣದಲ್ಲಿ ಬೇಳೆ, ಎಣ್ಣೆಯನ್ನಾದರೂ ಆಗಲೇ ಕೊಂಡಿಡುವುದು ಕ್ಷೇಮ. ಬಹಳ ಜನ ಆ ಮುಂಗಡದಲ್ಲಿ ಹಿಂದಿನ ಮದುವೆಯ ಸಾಲ ತೀರಿಸುತ್ತಾರೆ.

ಜಾಗ, ಮಳೆ, ಕಾಗದ

ಸರಕಾರಿ ಕ್ವಾರ್ಟರ್ಸಿನಲ್ಲಿ ಪರಿಚಯದವರ ಮನೆಯಿದೆ, ಅಲ್ಲೇ ಅಡಿಗೆ ಶುರುಮಾಡುತ್ತೇನೆ ಎನ್ನುವವರಿಗೆ ಒಂದೇ ಉತ್ತರ: ಬೇಡ. ಆ ಮನೆಗಳನ್ನು ಒಳಬಾಡಿಗೆಗೆ ಕೊಡುವಂತಿಲ್ಲ. ಸಿಕ್ಕಿಬಿದ್ದರೆ ನಿಮ್ಮ ಪಾತ್ರೆಯ ಜೊತೆ ಅವರ ಮನೆಯೂ ಹೋಗುತ್ತದೆ.

ಗಾಳಾ ಹಿಡಿಯುವಾಗ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿಯಾಗಲೇಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಅದರ ಹೊಣೆ ಮಾಲಕರದ್ದು. ಆದರೆ ನೋಂದಣಿಯಿಲ್ಲದೆ ಪರವಾನಗಿಗಳು ಅಡ್ಡವಾಗುವುದು ನಿಮಗೆ. ಕರಾರು ಹನ್ನೊಂದು ತಿಂಗಳದ್ದು, ಸಾಲ ಅರುವತ್ತು ತಿಂಗಳದ್ದು ಎಂಬ ಸ್ಥಿತಿ ಬಹಳ ಕಡೆ ನೋಡುತ್ತೇವೆ. ಕನಿಷ್ಠ ಮೂರು ವರ್ಷದ ಮಾತು ಆಗದಿದ್ದರೆ ಗೋಡೆಗೆ ಟೈಲ್ಸ್ ಅಂಟಿಸಬೇಡಿ.

ಮತ್ತೆ ಮಳೆ. ಆಂಟಾಪ್ ಹಿಲ್ ಸೆಕ್ಟರ್ 7, ಸಂಗಮ್ ನಗರ, ಕಿಂಗ್ಸ್ ಸರ್ಕಲಿನ ಗಾಂಧಿ ಮಾರ್ಕೆಟ್ ಇವು ಪ್ರತಿ ಮಳೆಗಾಲದ ಸುದ್ದಿಯಲ್ಲಿ ಬರುವ ಹೆಸರುಗಳು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿದ್ದ ಮಳೆಯಲ್ಲಿ ನೆಲಮಟ್ಟದ ಅಂಗಡಿಗಳಲ್ಲಿ ದಿನಸಿ ಉಳಿಯಲಿಲ್ಲ. ಗಾಳಾ ನೋಡುವುದಾದರೆ ಜುಲೈಯಲ್ಲಿ, ಭರತದ ಹೊತ್ತಿಗೆ ಹೋಗಿ ನೋಡಿ. ಪಕ್ಕದ ಅಂಗಡಿಯವರ ಗೋಡೆಯ ಮೇಲಿನ ನೀರಿನ ಗೆರೆ ಎಲ್ಲ ಹೇಳುತ್ತದೆ. ಎರಡೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ, ಮೋಟಾರು ಅದರ ಮೇಲೆ, ಅಕ್ಕಿಯ ಮೂಟೆ ಅದರ ಮೇಲೆ. ವಿಮೆಯ ಕಂತೂ ಖರ್ಚಿನ ಪಟ್ಟಿಯಲ್ಲಿ.

ಪರವಾನಗಿಗಳ ವಿಷಯ ಸಂಕ್ಷೇಪವಾಗಿ. ಆಹಾರ ಸುರಕ್ಷತೆಯ 2006ರ ಕಾಯ್ದೆಯ ಪ್ರಕಾರ ಎಫ್‌ಎಸ್‌ಎಸ್‌ಎಐ ಪರವಾನಗಿ. ಅದರ 14 ಅಂಕಿಯ ಸಂಖ್ಯೆ 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಇರಬೇಕು. ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ. ಮಹಾನಗರ ಪಾಲಿಕೆಯ ಆರೋಗ್ಯ ಪರವಾನಗಿಗೆ ಎಫ್ ಉತ್ತರ ವಿಭಾಗದ ಕಚೇರಿ. ಅಗ್ನಿಶಾಮಕ ದಳದ ಒಪ್ಪಿಗೆ. ಮನೆಬಳಕೆಯ ಸಿಲಿಂಡರು ಒಳಗೆ ಬರಲೇಬಾರದು. 2018ರ ಜೂನಿನಿಂದ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂದಿರುವುದರಿಂದ ಪ್ಯಾಕಿಂಗ್ ದರ ಹಾಕುವಾಗ ಹಳೆಯ ಅಂದಾಜು ನಡೆಯುವುದಿಲ್ಲ. ಇದೆಲ್ಲ ಮುಗಿಯಲು ತಿಂಗಳುಗಳೇ ಹಿಡಿದರೆ ಅಷ್ಟೂ ತಿಂಗಳ ಬಾಡಿಗೆ ಬಂಡವಾಳದಿಂದ ಹೋಗುತ್ತದೆ.

ಸಾಲ ಕೇಳುವಾಗ

ಈ ನಗರದಲ್ಲಿ ನಮ್ಮ ಜನ ಸಾಲಕ್ಕಾಗಿ ಪರರ ಬಾಗಿಲು ಕಾಯಬಾರದೆಂದೇ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕು, 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಹುಟ್ಟಿದವು. ಸರಕಾರದ 2015ರ ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ವಿಭಾಗಗಳಿವೆ. ನಮ್ಮ ಉದಾಹರಣೆಯವರು 5 ಲಕ್ಷ ಸಾಲ, 3,40,000 ಸ್ವಂತದ್ದು ಎಂದು ಬರೆಯಬಹುದು. ಕೈಗಾಸಿನ ಸಾಲನ್ನು ನೋಡಿ ಮ್ಯಾನೇಜರರು ಹುಬ್ಬೇರಿಸಿದರೆ ಪಂಚಾಂಗದ ಪುಟವನ್ನು ಮುಂದಿಡಿ. ಯಾವ ತಿಂಗಳು ಸಾಲ ತೀರಿಸಲು ಕಷ್ಟ ಎಂದು ತಾನೇ ಹೇಳುವ ಅರ್ಜಿದಾರರು ಅವರಿಗೆ ಅಪರೂಪ.

2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಹಣ ಕೊಡಬೇಕಾಗಿಲ್ಲ, ಮಾಡಿಸಿಡಿ. ಕಂಪೆನಿಗಳಿಗೆ ಊಟ ಕೊಡುವವರಿಗೆ ಅದು ಉಪಯುಕ್ತ: ಸಣ್ಣ ಉದ್ದಿಮೆಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂಬ ನಿಯಮವಿದೆ, ತಡಮಾಡಿದರೆ ಆ ವರ್ಷದ ಆದಾಯ ತೆರಿಗೆಯಲ್ಲಿ ಅವರಿಗೇ ಪೆಟ್ಟು.

ಮಿಗುವ ತಿಂಗಳ ಹಣವನ್ನು ಪ್ರತ್ಯೇಕ ಇಡುವುದು ಹೇಗೆ? ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಟ್ಟುಮಾಡಿದರು. ಆ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು, ಆದರೆ ಉಪಾಯ ಹಳತಾಗಿಲ್ಲ. ಪಾರ್ಟಿ ಮುಗಿದ ಮರುದಿನ ಎಲೆಗೆ 25 ರೂಪಾಯಿಯಂತೆ ಬೇರೆ ಖಾತೆಗೆ ಹಾಕಿ. ನೂರು ಎಲೆಗೆ 2,500. ವರ್ಷಕ್ಕೆ ಎಂಬತ್ತು ಪಾರ್ಟಿಯಾದರೆ ಎರಡು ಲಕ್ಷ. ಆ ಖಾತೆಯ ಕಾರ್ಡು ನಿಮ್ಮ ಕಿಸೆಯಲ್ಲಿರುವುದು ಬೇಡ, ಮನೆಯಲ್ಲಿರಲಿ.

ಕೊನೆಯ ಪುಟ

ಯೋಜನೆಯ ಕೊನೆಯ ಪುಟ ಬ್ಯಾಂಕಿಗೆ ಕೊಡುವುದಲ್ಲ. ಅದರಲ್ಲಿ ಎರಡೇ ಸಂಗತಿ ಬರೆಯಬೇಕು. ಒಂದು, ಹಾಕಿದ ಹಣದಲ್ಲಿ ಎಷ್ಟು ಕರಗುವವರೆಗೆ ನಡೆಸುತ್ತೇವೆ. ಎರಡು, ಅದನ್ನು ಯಾವ ದಿನ ಕೂತು ನೋಡುತ್ತೇವೆ. ಉದಾಹರಣೆಗೆ ಎರಡನೆಯ ವರ್ಷದ ಚೌತಿಯ ಮರುವಾರ. ನಿಲ್ಲಿಸಬೇಕಾಗಿ ಬಂದರೆ ಏನು ಉಳಿಯುತ್ತದೆ ಎಂಬುದನ್ನೂ ಅಲ್ಲೇ ಹಾಕಿ: ಡಿಪಾಸಿಟ್ ಪೂರ್ತಿ ವಾಪಸು ಬರಬೇಕಾದರೆ ಕರಾರಿನ ಪ್ರಕಾರ ಎಷ್ಟು ತಿಂಗಳ ನೋಟೀಸು, ಪಾತ್ರೆ-ಬರ್ನರಿಗೆ ಹಳೇ ಸಾಮಾನಿನವರು ಏನು ಕೊಡುತ್ತಾರೆ, ಸಾಲದ ಬಾಕಿ ಎಷ್ಟಿರುತ್ತದೆ. ಈ ಪುಟವನ್ನು ಬಂಗಾರ ಕೊಟ್ಟವರಿಗೆ ಓದಿ ಹೇಳಿ, ಅವರ ಸಹಿಯನ್ನೂ ಹಾಕಿಸಿ. ಅವರು ಕೇಳುವ ಮೊದಲ ಪ್ರಶ್ನೆ ಮ್ಯಾನೇಜರರ ಪ್ರಶ್ನೆಗಿಂತ ಕಠಿಣವಾಗಿರುತ್ತದೆ. ಅದಕ್ಕೆ ಉತ್ತರ ಪತ್ರದಲ್ಲಿ ಇಲ್ಲದಿದ್ದರೆ ಆ ಮನೆಯನ್ನು ಅಂದೇ ತುಂಬಿಸಿ. ಗಾಳಾದ ಮುಂಗಡ ಆಮೇಲೆ ಕೊಟ್ಟರಾಯಿತು.